ತೆಳು ಗೆರೆ, ದಪ್ಪ ಗೆರೆ: ಒಂದು ಧ್ಯಾನಪುಸ್ತಕ ಹುಟ್ಟಿದ ಬಗೆ

ದಿನಕ್ಕೊಂದು ಪುಟ. ಮೇಲೆ ಸತ್ಯವೇದದ ಒಂದು ವಚನ, ಕೆಳಗೆ ಮೂರ್ನಾಲ್ಕು ಪ್ಯಾರಾ. ಓದಲು ಐದು ನಿಮಿಷ ಸಾಕು. ಅದು ಎತ್ತಿದ ಪ್ರಶ್ನೆ ಮಾತ್ರ ಸಂಜೆಯಾದರೂ ಬಿಡದು. 1927ರಲ್ಲಿ ಬಂದ ‘ಮೈ ಅಟ್ಮೋಸ್ಟ್ ಫಾರ್ ಹಿಸ್ ಹೈಯೆಸ್ಟ್’ ಇಂದಿಗೂ ಲೆಕ್ಕವಿಲ್ಲದಷ್ಟು ಕ್ರೈಸ್ತರ ಅನುದಿನದ ಧ್ಯಾನ. ಮುಖಪುಟದ ಹೆಸರು ಆಸ್ವಾಲ್ಡ್ ಚೇಂಬರ್ಸ್ ಅವರದು. ಆದರೆ ಅವರು ತೀರಿಕೊಂಡದ್ದು ಅದಕ್ಕೂ ಹತ್ತು ವರ್ಷ ಮೊದಲೇ.

ಇಂಗ್ಲೆಂಡಿನ ಗರ್ಟ್ರೂಡ್ ಹಾಬ್ಸ್ ಶ್ವಾಸದ ಕಾಯಿಲೆಯಿಂದ ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು. ಮನೆಯಲ್ಲೇ ಕೂತು ಪಿಟ್‌ಮನ್ ಶೀಘ್ರಲಿಪಿ ಕಲಿತರು. ಆ ಲಿಪಿಯಲ್ಲಿ ಗೆರೆ ತೆಳುವಾದರೆ ‘ಪ’, ಅದನ್ನೇ ಒತ್ತಿ ಎಳೆದರೆ ‘ಬ’. ನಿಮಿಷಕ್ಕೆ 250 ಪದ ಬರೆದುಕೊಳ್ಳುವಷ್ಟು ಕೈ ಪಳಗಿತು. ಪ್ರಧಾನಿಯ ಕಾರ್ಯದರ್ಶಿಯಾಗಬೇಕೆಂಬುದು ಅವರ ಕನಸು. 1910ರಲ್ಲಿ ಮದುವೆಯಾದದ್ದು ಪ್ರಸಂಗಿ ಆಸ್ವಾಲ್ಡ್ ಅವರನ್ನು. ಅವರು ಹೆಂಡತಿಯನ್ನು ‘ಬಿಲವೆಡ್ ಡಿಸೈಪಲ್’, ಅಂದರೆ ಪ್ರಿಯ ಶಿಷ್ಯೆ ಎಂದು ಕರೆದರು. ಅದು ಮೊದಲಕ್ಷರಗಳಿಗೆ ಇಳಿದು ‘ಬಿಡ್ಡಿ’ ಆಯಿತು. ಆ ಹೆಸರೇ ಉಳಿಯಿತು.

ಲಂಡನ್ನಿನ ಕ್ಲಾಪಮ್‌ನಲ್ಲಿ ಆಸ್ವಾಲ್ಡ್ ನಡೆಸುತ್ತಿದ್ದ ಬೈಬಲ್ ಕಾಲೇಜಿನಲ್ಲಿ, ಆಮೇಲೆ 1915ರಿಂದ ಈಜಿಪ್ಟಿನ ಜೈತೂನ್ ಸೈನಿಕ ಶಿಬಿರದಲ್ಲಿ, ಗಂಡ ಮಾತಾಡಿದರು, ಹೆಂಡತಿ ಬರೆದುಕೊಂಡರು. 1917ರ ಅಕ್ಟೋಬರಿನಲ್ಲಿ ಆಸ್ವಾಲ್ಡ್‌ಗೆ ವಿಪರೀತ ಹೊಟ್ಟೆನೋವು. ಗಾಯಾಳು ಸೈನಿಕರಿಗೆ ಹಾಸಿಗೆ ಬೇಕಾಗುತ್ತದೆಂದು ಅವರು ಆಸ್ಪತ್ರೆಗೆ ಹೋಗಲು ತಡಮಾಡಿದರು. ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದರೂ ನವೆಂಬರ್ 15ರಂದು ತೀರಿಕೊಂಡರು. ವಯಸ್ಸು 43. ಮಗಳಿಗೆ ಆಗಿನ್ನೂ ನಾಲ್ಕು ವರ್ಷ.

ಬಿಡ್ಡಿಯ ಪಾಲಿಗೆ ಉಳಿದದ್ದು ಮಗಳು ಮತ್ತು ಆ ನೋಟ್‌ಪುಸ್ತಕಗಳು. ಇಂಗ್ಲೆಂಡಿಗೆ ಮರಳಿ, ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಗಳಿಗೆ ಊಟ-ವಸತಿಯ ಮನೆ ನಡೆಸಿದರು. ಅಡುಗೆ, ಬಟ್ಟೆ, ಪಾತ್ರೆಗಳ ನಡುವೆ ಬಿಡುವು ಸಿಕ್ಕಾಗ ಬೆರಳಚ್ಚು ಯಂತ್ರದ ಮುಂದೆ ಕೂತರು. ದೀರ್ಘ ಪ್ರಸಂಗದಿಂದ ಒಂದು ಪುಟ ಆರಿಸಬೇಕು. ಅಂಥವು ವರ್ಷದ ಪ್ರತಿ ದಿನಕ್ಕೂ ಒಂದೊಂದು ಆಗಬೇಕು. ನನಗೆ ಇದು ಬರೀ ನಕಲಿನ ಕೆಲಸವೆನಿಸುವುದಿಲ್ಲ. ಯಾವ ಮಾತು ಒಂಟಿಯಾಗಿ ನಿಂತೀತು, ಯಾವುದು ಮುಂಜಾನೆ ಒಬ್ಬರೇ ಕೂತು ಓದುವವರ ಎದೆಗೆ ನೇರ ನಾಟೀತು ಎಂದು ತೂಗಿದವರು ಅವರೇ. ಬರೆದದ್ದಲ್ಲ, ಆಡಿದ್ದು ಎಂಬುದು ಪುಟಪುಟದಲ್ಲೂ ಕೇಳಿಸುತ್ತದೆ. ವಾಕ್ಯಗಳು ಚಿಕ್ಕವು, ಒಮ್ಮೊಮ್ಮೆ ಒರಟು. ಎದುರು ಕೂತವರ ಮುಖ ನೋಡಿಯೇ ಹೇಳಿದಂತಿವೆ. ಇಷ್ಟೆಲ್ಲ ಮಾಡಿದವರು ಮುನ್ನುಡಿಯ ಕೆಳಗೆ ಹಾಕಿಕೊಂಡದ್ದು ‘ಬಿ.ಸಿ.’ ಎಂಬ ಎರಡೇ ಅಕ್ಷರ.

ನವೆಂಬರ್ 15ಕ್ಕೂ ಒಂದು ಪುಟ ಬೇಕಿತ್ತು. ಅಲ್ಲಿರುವುದು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದ ವಚನ. ತನ್ನ ಮರಣದ ಸೂಚನೆ ಕೇಳಿದ ಪೇತ್ರನು ಹಿಂದಿರುಗಿ ನೋಡಿ, ಹಾಗಾದರೆ ಇವನ ಗತಿಯೇನು ಎಂದು ಯೇಸುವನ್ನು ಕೇಳುತ್ತಾನೆ. ಅವನು ಕೇಳಿದ್ದು ಹಿಂದೆ ಬರುತ್ತಿದ್ದ ಪ್ರಿಯ ಶಿಷ್ಯನ ಬಗ್ಗೆ.