ಹಳೆಯ ಧ್ವನಿವರ್ಧಕಕ್ಕೊಂದು ಪರೀಕ್ಷಾ ದೀಪ



ಊರ ಗುಡಿಯಲ್ಲಿಯೋ ಭಜನೆ ಮನೆಯ ಅಟ್ಟದಲ್ಲಿಯೋ ಹಳೆಯ ವಾಲ್ವ್ ಆಂಪ್ಲಿಫೈಯರ್ ಇದ್ದರೆ, ಅದನ್ನು ಒಮ್ಮೆಗೇ ವಿದ್ಯುತ್ತಿಗೆ ಸೇರಿಸಬೇಡಿರಿ. ವರ್ಷಗಟ್ಟಲೆ ಸುಮ್ಮನಿದ್ದ ಕಂಡೆನ್ಸರ್ ಕೆಟ್ಟಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಜಾತ್ರೆಯ ದಿನವೇ ಹೀಗಾಗುವುದು ಹೆಚ್ಚು! ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತ್ತು. ಈಗ ಅಂಥ ಬಿಡಿಭಾಗಗಳು ಸುಲಭವಾಗಿ ಸಿಕ್ಕುವುದಿಲ್ಲ.

ಒಂದು ಒಣ ಹಲಗೆಯ ಮೇಲೆ ಸ್ವಿಚ್ಚು, ಬಲ್ಬ್ ಹೋಲ್ಡರ್, ಸಾಕೆಟ್ಟುಗಳನ್ನು ಕೂರಿಸಿರಿ. ಫೇಸ್ ತಂತಿಯು ಸ್ವಿಚ್ಚಿನಿಂದ ಬಲ್ಬಿಗೆ, ಬಲ್ಬಿನಿಂದ ಸಾಕೆಟ್ಟಿಗೆ ಹೋಗಲಿ. ನ್ಯೂಟ್ರಲ್ ಮತ್ತು ಅರ್ತ್ ತಂತಿಗಳು ನೇರವಾಗಿ ಸಾಕೆಟ್ಟಿಗೆ. ಬಲ್ಬು 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬೇ ಆಗಬೇಕು, ಎಲ್‌ಇಡಿಯಿಂದ ಪ್ರಯೋಜನವಿಲ್ಲ.

ಯಂತ್ರವನ್ನು ಈ ಸಾಕೆಟ್ಟಿಗೆ ಸೇರಿಸಿ ಸ್ವಿಚ್ಚು ಹಾಕಿರಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ದೊಡ್ಡ ದೋಷವಿಲ್ಲ; ವಾಲ್ವುಗಳು ಕಾದಾಗ ಬೆಳಕು ತುಸು ಏರಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಷಾರ್ಟ್ ಆಗಿದೆ. ಆಗಲೂ ಹೆಚ್ಚಿನ ವಿದ್ಯುತ್ತನ್ನು ಬಲ್ಬು ತಡೆದಿರುತ್ತದೆ, ಯಂತ್ರ ಸುಡದು. ಕೂಡಲೇ ಆರಿಸಿರಿ.

ಆದರೆ ಈ ದೀಪವಿದೆಯೆಂದು ಷಾಕು ತಪ್ಪುವುದಿಲ್ಲ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು, ಜೀವಕ್ಕೇ ಅಪಾಯ. ಮುಚ್ಚಳ ಬಿಚ್ಚುವ ಕೆಲಸವನ್ನು ಬಲ್ಲ ರಿಪೇರಿಯವರಿಗೇ ಬಿಡಿರಿ.