ಡಿಗ್ನಿಟಿಯೂ ನಮ್ಮ ಘನತೆಯೂ

ನುಂಗಂಬಾಕ್ಕಂನ ಕಾಲೇಜು ರಸ್ತೆಗೆ ಆ ಹೆಸರು ಬಂದದ್ದು ಅಲ್ಲಿರುವ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಿಂದ ಎಂದು ನಮ್ಮ ಬಂಧುಗಳಲ್ಲಿ ಹಲವರು ತಿಳಿದಿರುವುದುಂಟು. ಆ ಕಾಲೇಜು ಹುಟ್ಟಿದ್ದು 1915ರಲ್ಲಿ. ರಸ್ತೆಯ ಹೆಸರಿನಲ್ಲಿ ಅಡಗಿರುವ ಕಾಲೇಜು ಅದಕ್ಕಿಂತ ನೂರು ವರ್ಷ ಹಿರಿಯದು. 1812ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಸ್ಥಾಪಿಸಿದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಅದು. ಮುಂದೆ ವಿದ್ಯಾ ಇಲಾಖೆಯ ಕಚೇರಿಗಳಿಗೆ ನೆಲೆಯಾಗಿ, ಆಟೋದವರ ಬಾಯಲ್ಲಿ 'ಡಿ.ಪಿ.ಐ.' ಎಂದೇ ಹೆಸರಾದ ವಿಶಾಲವಾದ ಆವರಣವೇ ಆ ಹಳೆಯ ಕಾಲೇಜು ನೆಲೆ ನಿಂತ ಜಾಗ. ಇಂಗ್ಲೆಂಡಿನಿಂದ ಹಡಗಿಳಿದು ಬಂದ, ಮೀಸೆ ಚಿಗುರದ ಅಧಿಕಾರಿಗಳಿಗೆ ಈ ನಾಡಿನ ಭಾಷೆಗಳನ್ನು ಕಲಿಸಿ ಪರೀಕ್ಷೆ ಮಾಡುವುದು ಅದರ ಉದ್ಯೋಗವಾಗಿತ್ತು. ತಮಿಳು, ತೆಲುಗುಗಳ ಜತೆಗೆ ಕನ್ನಡವನ್ನೂ ಅಲ್ಲಿ ಕಲಿಸುತ್ತಿದ್ದರು. ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸು ಆಧಿಪತ್ಯಕ್ಕೇ ಸೇರಿದ್ದ ಕಾಲವಲ್ಲವೆ? ಈ ಊರಿನಲ್ಲಿ ಕನ್ನಡವು ಅಂದು ಪರದೇಶಿಯಾಗಿರಲಿಲ್ಲ.

ಜಾನ್ ಮೆಕೆರಲ್ ಎಂಬ ಕಂಪನಿ ಅಧಿಕಾರಿ ಬರೆದ ಕನ್ನಡ ವ್ಯಾಕರಣವು 1820ರಲ್ಲಿ ಮದರಾಸಿನಲ್ಲಿಯೇ ಅಚ್ಚಾಯಿತು. ಬಳ್ಳಾರಿಯ ಪಾದ್ರಿ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಇದೇ ಊರಿನಲ್ಲಿ ಬೆಳಕು ಕಂಡುವು. ಮಂಗಳೂರಿನಿಂದ ಕಿಟ್ಟೆಲ್ಲರ ಮಹಾನಿಘಂಟು ಹೊರಬಂದದ್ದು ಇವೆಲ್ಲ ಆಗಿ ಅರುವತ್ತು ವರ್ಷದ ಮೇಲೆ, 1894ರಲ್ಲಿ.

ನಿಘಂಟು ಮಾಡುವವನಿಗೆ ಬೆಕ್ಕು, ಬಾವಿ, ಬೆಲ್ಲಗಳ ಕಾಟವಿಲ್ಲ. ವಸ್ತುವನ್ನು ತೋರಿಸಿ ಕೇಳಿದರೆ ಯಾರಾದರೂ ಹೆಸರು ಹೇಳುತ್ತಾರೆ. ತೊಡಕಾಗುವುದು ಡಿಗ್ನಿಟಿ, ನೊಬಿಲಿಟಿ, ಆನರ್, ಜೆಂಟಲ್‌ಮನ್ ಮುಂತಾದ ಮಾತುಗಳಿಗೆ. ಬೆರಳು ಮಾಡಿ ತೋರಿಸಲು ಅಲ್ಲಿ ಏನಿದೆ? ಅಂದಿನ ತೊಡಕು ಇಂದು ನಮ್ಮ ಮನೆಗಳೊಳಗೇ ಬಂದು ಕುಳಿತಿದೆ. ಇಲ್ಲಿಯ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ 'ಡಿಗ್ನಿಟಿ' ಎಂದರೆ ಗೊತ್ತು, ಅಕ್ಷರ ತಪ್ಪದೆ ಬರೆದೂ ತೋರಿಸುತ್ತಾರೆ. 'ಘನತೆ' ಎಂದರೆ ತಾಯಿಯ ಮುಖ ನೋಡುತ್ತಾರೆ. ಎರಡೂ ಒಂದೇ, ಒಂದು ಗೊತ್ತಿದ್ದರೆ ಸಾಲದೆ, ಎಂದು ಕೇಳುವವರುಂಟು. ಒಂದೇ ಹೌದೋ ಅಲ್ಲವೋ, ಸ್ವಲ್ಪ ಪರೀಕ್ಷಿಸಿ ನೋಡೋಣ.

ಡಿಗ್ನಿಟಿ ಎಂಬುದು ಲ್ಯಾಟಿನ್ನಿನ 'ಡಿಗ್ನಿಟಾಸ್'. 'ಡಿಗ್ನುಸ್' ಎಂದರೆ ಯೋಗ್ಯ. ಹಳೆಯ ರೋಮಿನಲ್ಲಿ ಅದು ಎಲ್ಲರಿಗೂ ಇರುತ್ತಿದ್ದ ಸೊತ್ತಲ್ಲ. ರಾಜ್ಯದ ಅಧಿಕಾರ ನಡೆಸಿ ಹೆಸರು ಮಾಡಿದವರು ಗಳಿಸಿಕೊಳ್ಳುತ್ತಿದ್ದ ಸ್ಥಾನ. ಇದೇ ಮಾತು ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ 'ಡೇಂಟಿ' ಎಂದಾಗಿಯೂ ಬಂದಿದೆ. ಅದಕ್ಕೆ ನಾಜೂಕು, ರುಚಿಯಾದ ತಿನಿಸು ಎಂಬ ಅರ್ಥಗಳು. ರೋಮಿನ ಸಭಾಮಂಟಪದಿಂದ ತಿಂಡಿಯ ತಟ್ಟೆಗೆ ಇಳಿದ ಮಾತು! 'ನೋಬಲ್' ಎಂದರೆ ಮೂಲದಲ್ಲಿ ತಿಳಿದವನು, ಅಂದರೆ ನಾಲ್ಕು ಜನಕ್ಕೆ ಗೊತ್ತಿರುವವನು. ನಮ್ಮ 'ಜ್ಞಾನ'ದ ಜ್ಞಾ ಧಾತುವೂ ಅದೂ ಒಂದೇ ಬೇರಿನವು. 'ಜೆಂಟಲ್' ಎಂದರೆ ಕುಲದವನು, ನಮ್ಮ ಕುಲೀನ. ಅದು ನಮ್ಮ 'ಜನ'ಕ್ಕೆ ದಾಯಾದಿ. 'ಎಸ್‌ಕ್ವೈರ್' ಎಂಬವನು ಗುರಾಣಿ ಹೊರುತ್ತಿದ್ದ ಆಳು. 'ಲಾರ್ಡ್' ಎಂದರೆ ರೊಟ್ಟಿ ಕಾಯುವವನು, 'ಲೇಡಿ' ಎಂದರೆ ರೊಟ್ಟಿಯ ಹಿಟ್ಟು ನಾದುವವಳು. ನಮ್ಮ ಅಡಿಗೆಮನೆಯ ಗೃಹಿಣಿಯರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬಹುದು.

'ನೈಟ್' ಎಂಬ ಬಿರುದಿನ ಕಥೆ ಇನ್ನೂ ಸ್ವಾರಸ್ಯವಾದುದು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಹುಡುಗ, ಊಳಿಗದ ಹುಡುಗ. ನಮ್ಮ ಕರಾವಳಿಯಲ್ಲಿ 'ಮಾಣಿ' ಎಂದರೂ ಹುಡುಗನೇ. ಅವರ ಹುಡುಗ ಕುದುರೆಯೇರಿ ದೊಡ್ಡ ಮನುಷ್ಯನಾದ. ನಮ್ಮ ಮಾಣಿ ಉಡುಪಿ ಹೋಟೆಲಿಗೆ ಬಂದು ಇಡ್ಲಿ-ಸಾಂಬಾರು ಬಡಿಸಿದ. ಇಬ್ಬರಲ್ಲಿ ಹಸಿದವರಿಗೆ ಆದವನು ಯಾರೆಂಬುದನ್ನು ಓದುಗರೇ ತೀರ್ಮಾನಿಸಲಿ.

ಇನ್ನು ನಮ್ಮ ಮಾತುಗಳು. 'ಗೌರವ' ಎಂಬುದು 'ಗುರು' ಎಂಬುದರಿಂದ ಬಂದದ್ದು. ಗುರು ಎಂದರೆ ಮೇಷ್ಟರೆಂದಷ್ಟೇ ಅಲ್ಲ, ಭಾರವಾದದ್ದು ಎಂದೂ ಅರ್ಥ. ಛಂದಸ್ಸಿನಲ್ಲಿ ಲಘು-ಗುರು ಹಾಕಿದವರಿಗೆ ಇದು ನೆನಪಿರುತ್ತದೆ. 'ಘನ' ಎಂದರೆ ಒಳಗೆ ಟೊಳ್ಳಿಲ್ಲದ, ಗಟ್ಟಿಯಾದದ್ದು. ಶಾಲೆಯ ವಿಜ್ಞಾನದ ಪಾಠದಲ್ಲಿ ಘನ, ದ್ರವ, ಅನಿಲ ಎನ್ನುತ್ತೇವಲ್ಲ, ಅದೇ ಘನ. 'ಗಂಭೀರ' ಎಂದರೆ ಆಳವಾದದ್ದು. ಸಂಸ್ಕೃತದಿಂದ ಬಂದ ಈ ಮಾತುಗಳನ್ನು ಕನ್ನಡಿಗನು ಸುಮ್ಮನೆ ಎರವಲು ಪಡೆಯಲಿಲ್ಲ. ತನ್ನ ಮನೆಮಾತಿನಲ್ಲಿಯೂ ಅದೇ ತಕ್ಕಡಿಯನ್ನು ಹಿಡಿದ. 'ಅವರು ತೂಕದ ಮನುಷ್ಯರು', 'ಅವನ ಮಾತಿಗೆ ತೂಕವಿಲ್ಲ', 'ಹಿರಿಯರ ಮುಂದೆ ಹಗುರವಾಗಿ ಮಾತನಾಡಬೇಡ', 'ನಾಲ್ಕು ಜನರೆದುರು ನನ್ನನ್ನು ಹಗುರ ಮಾಡಿಬಿಟ್ಟರು' - ಇವು ಯಾವ ಪಂಡಿತನ ಮಾತೂ ಅಲ್ಲ, ಜಗಲಿಯ ಮೇಲೆ ಕುಳಿತ ಅಜ್ಜಿಯರ ಮಾತು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯೂ ಈ ಲೆಕ್ಕವನ್ನೇ ಹೇಳುತ್ತದೆ.

ಇಂಗ್ಲಿಷರಿಗೆ ದೊಡ್ಡವನೆಂದರೆ ಎತ್ತರದಲ್ಲಿರುವವನು: ಹೈನೆಸ್, ಎಮಿನೆನ್ಸ್, ಹೈ ಸ್ಟ್ಯಾಂಡಿಂಗ್. ಎಲ್ಲವೂ ಏಣಿಯ ಮಾತುಗಳು. ನಮಗೆ ದೊಡ್ಡವನೆಂದರೆ ಬಹುಮಟ್ಟಿಗೆ ಭಾರವುಳ್ಳವನು, ಆಳವುಳ್ಳವನು. ಏಣಿ ಹತ್ತಿದವನನ್ನು ಕೆಳಗಿಳಿಸಬಹುದು; ತೂಕವಿರುವವನು ಎಲ್ಲಿ ಕುಳಿತರೂ ತೂಕದವನೇ. ಹಾಗೆಂದು ಬೀಗುವಂತಿಲ್ಲ, ಏಣಿ ನಮ್ಮಲ್ಲೂ ಇದೆ. 'ಅಂತಸ್ತು' ಎಂಬ ಮಾತನ್ನು ನೋಡಿ. ಮನೆಯ ಮಹಡಿಗೂ ಅದೇ ಹೆಸರು, ಮನುಷ್ಯನ ಸ್ಥಾನಕ್ಕೂ ಅದೇ ಹೆಸರು. ನುಂಗಂಬಾಕ್ಕಂನ ಹಳೆಯ ತೋಟದ ಬಂಗಲೆಗಳು ಹೋಗಿ ಫ್ಲಾಟುಗಳು ಎದ್ದ ಮೇಲೆ ನಮ್ಮಲ್ಲಿ ಅನೇಕರ ಅಂತಸ್ತು ಒಂದರ್ಥದಲ್ಲಿ ಏರಿಯೇ ಇದೆ. ಅದೇ ರೀತಿ ಇಂಗ್ಲಿಷಿನಲ್ಲೂ ತಕ್ಕಡಿಯ ಮಾತು ಒಂದುಂಟು: 'ಗ್ರ್ಯಾವಿಟಿ'. ಅದರ ಲ್ಯಾಟಿನ್ ಮೂಲವೂ ನಮ್ಮ 'ಗುರು'ವೂ ಒಂದೇ ತಾಯಿಯ ಮಕ್ಕಳು.

ತಮಿಳರ ನಡುವೆ ಬಾಳುವ ನಮಗೆ ಇನ್ನೊಂದು ಲಾಭವಿದೆ. ಅವರು 'ಪೆರಿಯವರ್' ಎಂದಾಗ ಅದು ನಮ್ಮ 'ಹಿರಿಯರು' ಎಂಬುದೇ. ಹಳಗನ್ನಡದಲ್ಲಿ ನಾವೂ 'ಪಿರಿಯರ್' ಎನ್ನುತ್ತಿದ್ದೆವು. ಅವರ 'ಪೆರುಮೈ' ನಮ್ಮ 'ಹೆಮ್ಮೆ', 'ಹಿರಿಮೆ'ಗಳ ಒಡಹುಟ್ಟು. ನಮ್ಮ ಬಾಯಲ್ಲಿ ಪಕಾರವು ಹಕಾರವಾಯಿತು, ಅಷ್ಟೆ. ಈ ಭಾಷೆಗಳೆಲ್ಲ ಸಂಸ್ಕೃತದಿಂದ ಬೇರೆಯಾದ ಒಂದು ಮನೆತನಕ್ಕೆ ಸೇರಿದವು ಎಂದು ಪದಗಳ ಪಟ್ಟಿಗಳನ್ನಿಟ್ಟು ತೋರಿಸಿದವರು ಫ್ರಾನ್ಸಿಸ್ ವೈಟ್ ಎಲ್ಲಿಸ್. ಕಾಲೇಜು ರಸ್ತೆಯ ಆ ಹಳೆಯ ಕಾಲೇಜನ್ನು ಕಟ್ಟುವುದರಲ್ಲಿ ಮುಂದಾಳಾಗಿದ್ದವರೂ ಅವರೇ. 1816ರಲ್ಲಿ ಕ್ಯಾಂಪ್‌ಬೆಲ್ಲರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ಅವರು ಇದನ್ನು ಹೇಳಿದರು. ಕಾಲ್ಡ್‌ವೆಲ್ ಪಾದ್ರಿಗಳ ಪ್ರಸಿದ್ಧ ಗ್ರಂಥ ಬಂದದ್ದು 1856ರಲ್ಲಿ, ನಲವತ್ತು ವರ್ಷದ ನಂತರ.

ಭಾಷೆಗಳನ್ನು ಇಷ್ಟು ಆದರದಿಂದ ಕಲಿತ ಸರಕಾರವು ಆ ಭಾಷೆಗಳನ್ನಾಡುವ ಜನರನ್ನು ಹೇಗೆ ಕರೆಯಿತು? ಮದರಾಸು ಸರಕಾರದ ಕಾಗದಪತ್ರಗಳಲ್ಲಿ ಬಿಳಿಯ ಅಧಿಕಾರಿಯ ಹೆಸರಿನ ಮುಂದೆ 'ಎಸ್‌ಕ್ವೈರ್'. ನಮ್ಮವನಾದರೆ ಹೆಸರಿನ ಹಿಂದೆ 'ಎಂ.ಆರ್.ಆರ್‌ವೈ.', ಮುಂದೆ 'ಅವರ್ಗಳ್'. ಆ ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿದರೆ 'ಮಹಾರಾಜ ರಾಜಶ್ರೀ'! ಗುಮಾಸ್ತನು ಮಹಾರಾಜನಾದ, ಅವನ ಮೇಲಧಿಕಾರಿಯು ಗುರಾಣಿ ಹೊರುವ ಆಳಾದ. ಮೂಲಾರ್ಥ ನೋಡಿದರೆ ನಗು ಬರುತ್ತದೆ. ಆದರೆ ಲಕೋಟೆಯ ಮೇಲಿನ ಒಕ್ಕಣೆಯಿಂದಲೇ ಯಾರ ಚರ್ಮದ ಬಣ್ಣ ಯಾವುದೆಂದು ಅಂಚೆಯವನಿಗೂ ತಿಳಿಯುತ್ತಿತ್ತು. ಪದವು ಎಷ್ಟೇ ದೊಡ್ಡದಿರಲಿ, ಬೇರೆ ಪಂಕ್ತಿಯಲ್ಲಿ ಕೂರಿಸಿ ಬಡಿಸಿದರೆ ಅದರಿಂದ ಮಾನವುಂಟಾಗುವುದಿಲ್ಲ.

ಬಿರುದುಬಾವಲಿಗಳಿಗೇನೂ ಕೊರತೆಯಿರಲಿಲ್ಲ. ರಾವ್ ಸಾಹೇಬ್, ರಾವ್ ಬಹದ್ದೂರ್, ದಿವಾನ್ ಬಹದ್ದೂರ್, ಅದರ ಮೇಲೆ ಸರ್. ಮೈಸೂರಿನ ಮಹಾರಾಜರು ಕೊಡುತ್ತಿದ್ದ ಬಿರುದುಗಳು ಕಿವಿಗೆ ಇಂಪಾದವು, ಬಿ. ಎಂ. ಶ್ರೀಕಂಠಯ್ಯನವರು 1938ರಲ್ಲಿ 'ರಾಜಸೇವಾಸಕ್ತ'ರಾದರು. ಈ ಊರಿನ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಮೊದಲು ಶಾಲೆಯ ಮೇಷ್ಟರಾಗಿದ್ದವರು. 1921ರಲ್ಲಿ ಪ್ರೀವಿ ಕೌನ್ಸಿಲಿನ ಸದಸ್ಯರಾದ ಮೇಲೆ 'ರೈಟ್ ಆನರಬಲ್' ಎಂಬ ವಿಶೇಷಣವು ಅವರ ಮನೆಹೆಸರಿನಂತೆಯೇ ಆಗಿಹೋಯಿತು. ನಗರಸಭೆಯ ಮೇಯರಿಗೆ ಇಂಗ್ಲಿಷಿನಲ್ಲಿ 'ವರ್ಶಿಪ್‌ಫುಲ್' ಎನ್ನುತ್ತಾರೆ. ಆ 'ವರ್ಶಿಪ್' ಮೂಲದಲ್ಲಿ ಯೋಗ್ಯತೆ ಎಂದಷ್ಟೇ ಹೇಳುವ ಮಾತು. ದೇವರ ಪೂಜೆಯ ಅರ್ಥ ಆಮೇಲಿನದು. ನಮ್ಮ ಅನುವಾದಕರು ಪೂಜೆಯನ್ನೇ ಹಿಡಿದರು. ಮದರಾಸಿನಲ್ಲಿ ಬಹುಕಾಲ 'ವಣಕ್ಕತ್ತುಕ್ಕುರಿಯ ಮೇಯರ್'. ಬೆಂಗಳೂರಿನಲ್ಲಿ 'ಪೂಜ್ಯ ಮಹಾಪೌರರು'. ಕೊಳಾಯಿಯಲ್ಲಿ ನೀರು ಬರಲಿಲ್ಲವೆಂದು ಪೂಜ್ಯರ ಮೇಲೆ ಕೂಗಾಡುವುದು ಕಷ್ಟದ ಕೆಲಸವೇ ಸರಿ.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 18ನೆಯ ಅನುಚ್ಛೇದವು ಈ ಅಂಗಡಿಗೆ ಬೀಗ ಹಾಕಿತು. ಸೈನ್ಯ ಮತ್ತು ವಿದ್ಯೆಗೆ ಸಂಬಂಧಿಸಿದವುಗಳ ಹೊರತು ಸರಕಾರವು ಯಾರಿಗೂ ಬಿರುದು ಕೊಡುವಂತಿಲ್ಲ. ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿಗೆ ಅಂಟಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 1995ರ ಡಿಸೆಂಬರಿನಲ್ಲಿ ಹೇಳಿತು. ಆಹ್ವಾನಪತ್ರಿಕೆ ಅಚ್ಚುಹಾಕಿಸುವ ನಮ್ಮ ಸಂಘ-ಸಂಸ್ಥೆಗಳ ಕಾರ್ಯದರ್ಶಿಗಳು ಇದನ್ನು ಗಮನಿಸತಕ್ಕದ್ದು.

ಅದಕ್ಕಿಂತ ಹೆಚ್ಚಿನ ಕೆಲಸವನ್ನು ಸಂವಿಧಾನದ ಪೀಠಿಕೆ ಮಾಡಿತು. ರೋಮಿನಲ್ಲಿ ಕೆಲವರೇ ಗಳಿಸುತ್ತಿದ್ದ 'ಡಿಗ್ನಿಟಿ'ಯನ್ನು ಅದು ವ್ಯಕ್ತಿಮಾತ್ರನಿಗೆ, ಎಂದರೆ ಎಲ್ಲರಿಗೂ ಹಂಚಿತು. ಕುಲ ಕೇಳಲಿಲ್ಲ, ಪದವಿ ಕೇಳಲಿಲ್ಲ. ತಮಿಳುನಾಡಿನಲ್ಲಿ ಅಣ್ಣಾದುರೈಯವರು 'ಕಡಮೈ, ಕಣ್ಣಿಯಂ, ಕಟ್ಟುಪ್ಪಾಡು' ಎಂದು ಹೇಳಿಕೊಟ್ಟ ಮೂರು ಮಾತುಗಳಲ್ಲಿ ನಡುವಿನ 'ಕಣ್ಣಿಯಂ' ಸಹ ಈ ಘನತೆಯೇ. ಗೋಡೆಬರಹ ಓದಬಲ್ಲ ನಮ್ಮ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.

ಇಲ್ಲಿಗೆ ಮಾತು ನಮ್ಮ ಮನೆಬಾಗಿಲಿಗೇ ಬಂತು. ಇಂಗ್ಲಿಷಿನಲ್ಲಿ ಇಂದು ದೊರೆಗೂ 'ಯೂ', ಹಾಲು ತರುವವನಿಗೂ 'ಯೂ'. ಅದು ಹಿಂದೆ ಬಹುವಚನ, ನಮ್ಮ 'ನೀವು'. ಏಕವಚನದ 'ದೌ' ಬಳಕೆಯಿಂದ ಬಿದ್ದುಹೋಗಿ ಎಲ್ಲರೂ 'ನೀವು' ಆದರು. ಅಷ್ಟು ಬಿರುದುಗಳನ್ನು ಹೊಸೆದ ಭಾಷೆಯೇ ಸರ್ವನಾಮದಲ್ಲಿ ಎಲ್ಲರನ್ನೂ ಒಂದೇ ಮಣೆಯ ಮೇಲೆ ಕೂರಿಸಿತು. ನಮ್ಮಲ್ಲಿ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿವೆ. ವ್ಯಾಕರಣದಲ್ಲಿಯೇ ಮರ್ಯಾದೆಯನ್ನು ಇಟ್ಟುಕೊಂಡವರು ನಾವು. ಅದು ಒಳ್ಳೆಯದೇ, ಆದರೆ ಯಾರಿಗೆ ಯಾವ ಮೆಟ್ಟಿಲು ಹಾಕುತ್ತೇವೆ? ಪಾತ್ರೆ ತೊಳೆಯಲು ಬರುವ, ತಾಯಿಯ ವಯಸ್ಸಿನ ಹೆಂಗಸಿಗೆ 'ಬಾರೇ, ಹೋಗೇ' ಎನ್ನುವ ಮನೆಗಳು ಇನ್ನೂ ಇವೆ. ಮಗು ಇಂಗ್ಲಿಷ್ ಪಾಠದಲ್ಲಿ 'ಡಿಗ್ನಿಟಿ ಆಫ್ ಲೇಬರ್' ಎಂದು ಬಾಯಿಪಾಠ ಮಾಡುತ್ತಿರುವಾಗಲೇ ಒಳಗಿನಿಂದ ಈ ಮಾತು ಕೇಳಿಸುತ್ತದೆ. ಪುಸ್ತಕದ ಮಾತಿಗಿಂತ ಮನೆಯ ಮಾತು ಮಕ್ಕಳಿಗೆ ಬೇಗ ಅಂಟುತ್ತದೆ.

ಹೊರನಾಡಿನಲ್ಲಿ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಊರಿನಲ್ಲಾದರೆ ಮಗುವಿನ ಕಿವಿಗೆ ನೂರು ಬಗೆಯ ಕನ್ನಡ ಬೀಳುತ್ತದೆ. ಇಲ್ಲಿ ಅದಕ್ಕೆ ಕೇಳಿಸುವ ಕನ್ನಡವೆಂದರೆ ತಂದೆತಾಯಿಗಳು ತನ್ನೊಡನೆ ಆಡುವುದು ಮಾತ್ರ: 'ಬಾ, ಕೂತುಕೋ, ಊಟ ಮಾಡು'. ಕಲಿತದ್ದನ್ನೇ ಅದು ಹಿಂದಿರುಗಿಸುತ್ತದೆ. ರಜೆಯಲ್ಲಿ ಮೈಸೂರಿನಿಂದ ಬಂದ ದೊಡ್ಡಪ್ಪನನ್ನು 'ನೀನು ಯಾವಾಗ ಬಂದೆ?' ಎಂದು ಕೇಳುತ್ತದೆ. ದೊಡ್ಡಪ್ಪನ ಮುಖ ಸಣ್ಣಗಾಗುತ್ತದೆ, ತಾಯಿಗೆ ನಾಚಿಕೆ. ಮಗುವಿನದೇನು ತಪ್ಪು? ಅದೇ ಮಗು ನೆರೆಮನೆಯ ತಮಿಳು ಅಜ್ಜನಿಗೆ ಸಲೀಸಾಗಿ 'ವಾಂಗ, ಉಕ್ಕಾರುಂಗ' ಎನ್ನುತ್ತದೆ, ಏಕೆಂದರೆ ಅದನ್ನು ಅದು ದಿನವೂ ಕೇಳಿದೆ. ಗಂಡಹೆಂಡಿರು ಪರಸ್ಪರ, ಕೆಲಸದವರೊಡನೆ, ಮನೆಗೆ ಬಂದವರೊಡನೆ 'ಬನ್ನಿ, ಕೂತುಕೊಳ್ಳಿ' ಎನ್ನುವುದು ಕಿವಿಗೆ ಬೀಳುತ್ತಿದ್ದರೆ ಪಾಠ ಬೇಕಾಗುವುದಿಲ್ಲ. ಮಕ್ಕಳನ್ನೇ ಮುದ್ದಿಗೆ 'ಬನ್ನಿ ಪುಟ್ಟಣ್ಣನವರೇ' ಎಂದು ಕರೆಯುತ್ತಿದ್ದ ಅಜ್ಜಂದಿರು ವ್ಯಾಕರಣವನ್ನೇ ಕಲಿಸುತ್ತಿದ್ದರೋ ಏನೋ.

ಕೊನೆಗೆ ಒಂದು ಮಾತು ಉಳಿಯಿತು. ಬಿರುದುಗಳೆಲ್ಲ ಹೋದರೂ 'ಸರ್' ಹೋಗಲಿಲ್ಲ. ಬಸ್ಸಿನ ಕಂಡಕ್ಟರನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನವರೆಗೆ ಎಲ್ಲರೂ ಎಲ್ಲರಿಗೂ 'ಸಾರ್'. ಇದು ಲ್ಯಾಟಿನ್ನಿನ 'ಸೀನಿಯರ್' ಎಂಬುದರ ಸವೆದ ರೂಪ. ಅರ್ಥ ಹಿರಿಯ ಎಂದು. ತಮಿಳಿನ ಪೆರಿಯವರ್, ನಮ್ಮ ಹಿರಿಯರು. ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಬಂದ ಆ ಬಿರುದನ್ನು ಕನ್ನಡಿಗರು ಇಂದಿಗೂ ಬಿಟ್ಟಿಲ್ಲ. 1955ರ ಭಾರತರತ್ನಕ್ಕಿಂತ 'ಸರ್ ಎಂ.ವಿ.' ಎಂಬುದೇ ಜನರ ನಾಲಗೆಗೆ ಹತ್ತಿರ. ಅವರು 1962ರಲ್ಲಿ ತೀರಿಕೊಂಡಾಗ ನೂರು ವರ್ಷ ತುಂಬಿದ್ದವು. ಆ ಮಾತಿನ ಮೂಲಾರ್ಥ ಅವರಿಗೆ ಒಪ್ಪಿದಷ್ಟು ಮತ್ತಾರಿಗೂ ಒಪ್ಪಲಿಲ್ಲ.