‘ಎಲ್ಲಿಂದಲೋ’ ಬಂದ ದುಡ್ಡು

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್‌ಗೊಮೆರಿ. 1955ರ ಡಿಸೆಂಬರ್ 1ರ ಸಂಜೆ ಅಲ್ಲಿನ ಸಿಟಿ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪುವರ್ಣೀಯ ಮಹಿಳೆ ಬಿಳಿಯನೊಬ್ಬನಿಗೆ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ಪೊಲೀಸರು ಆಕೆಯನ್ನು ಬಂಧಿಸಿದರು. ಆಮೇಲೆ ನಡೆದ ಬಸ್ ಬಹಿಷ್ಕಾರ, ಅದರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ - ಇಷ್ಟು ಕಥೆ ಅನೇಕ ವಿದ್ಯಾರ್ಥಿಗಳಿಗೆ ಗೊತ್ತು. ಆದರೆ 381 ದಿನ ನಡೆದ ಆ ಚಳವಳಿಗೆ ದುಡ್ಡು ಎಲ್ಲಿಂದ ಬಂತು?

ಬಂಧನವಾದ ರಾತ್ರಿಯೇ ಕೆಲಸ ಶುರುವಾಗಿತ್ತು. ಸರ್ಕಾರಿ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್‌ಸನ್ ಅಲ್ಲಿನ ‘ಮಹಿಳಾ ರಾಜಕೀಯ ಮಂಡಳಿ’ಯ ಅಧ್ಯಕ್ಷೆ. ಬಸ್ಸುಗಳಲ್ಲಿನ ಅವಮಾನ ನಿಲ್ಲದಿದ್ದರೆ ಬಹಿಷ್ಕಾರ ಆದೀತೆಂದು 1954ರಲ್ಲೇ ಮೇಯರ್‌ಗೆ ಪತ್ರ ಬರೆದಿದ್ದವರು. ಅಂದು ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿದ್ದೆಗೆಟ್ಟು ಹತ್ತಾರು ಸಾವಿರ ಕರಪತ್ರ ತೆಗೆದರು. ಕರಪತ್ರದಲ್ಲಿ ಯಾರ ಹೆಸರೂ ಇರಲಿಲ್ಲ. ಹೆಸರು ಹೊರಬಿದ್ದರೆ ನೌಕರಿ ಹೋದಂತೆಯೇ!

ಡಿಸೆಂಬರ್ 5ರ ಸೋಮವಾರದಿಂದ ಕಪ್ಪು ಜನ ಬಸ್ ಹತ್ತಲಿಲ್ಲ. ಮನೆಗೆಲಸಕ್ಕೆ ಹೋಗುವ ಹೆಂಗಸರು ಮೈಲಿಗಟ್ಟಲೆ ನಡೆದರು. ಅವರನ್ನು ಕರೆದೊಯ್ಯಲು ಸುಮಾರು 300 ಕಾರುಗಳ ವ್ಯವಸ್ಥೆಯಾಯಿತು. ಪೆಟ್ರೋಲು, ರಿಪೇರಿ, ವಿಮೆ - ಎಲ್ಲಕ್ಕೂ ಕಾಸು ಬೇಕು. ಹೊರಗಿನ ಊರುಗಳಿಂದ ದೇಣಿಗೆ ಬಂತು, ನಿಜ. ಆದರೆ ಊರೊಳಗೆ ವಾರ ತಪ್ಪದೆ ಹಣ ಕೂಡಿಸಿದವರಲ್ಲಿ ಅಡುಗೆ ಹೆಂಗಸರು ಮುಂದಿದ್ದರು.

ಜಾರ್ಜಿಯಾ ಗಿಲ್ಮೋರ್ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ತಾಯಿ, ಆರು ಮಕ್ಕಳು. ಗೆಳತಿಯರೊಂದಿಗೆ ಒಂದಿಷ್ಟು ಡಾಲರ್ ಕೂಡಿಸಿ, ಕೋಳಿ, ಬ್ರೆಡ್ಡು ತಂದು, ಸ್ಯಾಂಡ್‌ವಿಚ್ ಮಾಡಿ ಚಳವಳಿಯ ಸಭೆಗಳಲ್ಲಿ ಮಾರಿದರು. ಮುಂದೆ ಕೇಕು, ಗೆಣಸಿನ ಹೂರಣದ ‘ಪೈ’ಗಳು ಮನೆಮನೆಗೆ, ಬ್ಯೂಟಿ ಪಾರ್ಲರ್‌ಗಳಿಗೆ ಹೋದವು. ಕೊಂಡವರಲ್ಲಿ ಬಿಳಿಯರೂ ಇದ್ದರು.

ಗುಂಪಿಗೆ ಇಟ್ಟ ಹೆಸರು ‘ಕ್ಲಬ್ ಫ್ರಮ್ ನೋವೇರ್’, ಅಂದರೆ ‘ಎಲ್ಲಿಂದಲೂ ಬಾರದ ಸಂಘ’. ಇದು ಬರೀ ತಮಾಷೆಯಲ್ಲ. ಅಡುಗೆ ಮಾಡಿದವರಲ್ಲೂ ದುಡ್ಡು ಕೊಟ್ಟವರಲ್ಲೂ ಅನೇಕರು ಬಿಳಿಯರ ಮನೆಗಳಲ್ಲಿ ದುಡಿಯುವವರು. ಹೆಸರು ತಿಳಿದರೆ ಕೆಲಸ ಹೋಗುತ್ತಿತ್ತು, ಬಾಡಿಗೆ ಮನೆಯೂ ಹೋಗಬಹುದಿತ್ತು. ‘ಈ ಹಣ ಎಲ್ಲಿಂದ ಬಂತು?’ ಎಂದು ಯಾರಾದರೂ ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎಂದರೆ ಸುಳ್ಳೂ ಆಗುವುದಿಲ್ಲ! ಕೊಟ್ಟವರ ಹೆಸರು ಗಿಲ್ಮೋರ್ ಒಬ್ಬರಿಗೇ ಗೊತ್ತಿತ್ತು. ವಾರದ ಸಭೆಯಲ್ಲಿ ಅವರು ಹಣ ಒಪ್ಪಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಊರಿನ ಇನ್ನೊಂದು ಬದಿಯಲ್ಲಿ ಐನೆಜ್ ರಿಕ್ಸ್ ‘ಫ್ರೆಂಡ್ಲಿ ಕ್ಲಬ್’ ಕಟ್ಟಿದರು. ಯಾರದು ಹೆಚ್ಚು ಎಂಬ ಪೈಪೋಟಿಯೇ ನಡೆಯಿತು. ಲಾಭ ಚಳವಳಿಗೆ!

1956ರ ಮಾರ್ಚ್‌ನಲ್ಲಿ ಕಿಂಗ್ ಅವರ ಮೇಲಿನ ಮೊಕದ್ದಮೆಯಲ್ಲಿ ಗಿಲ್ಮೋರ್ ಸಾಕ್ಷಿ ಹೇಳಿದರು. ತಾನು ಟಿಕೆಟ್ಟಿನ ಕಾಸು ಕೊಟ್ಟ ಮೇಲೆ ಚಾಲಕ ಕೆಳಗಿಳಿದು ಹಿಂಬಾಗಿಲಿನಿಂದ ಹತ್ತಲು ಹೇಳಿದ್ದನ್ನು, ಅಷ್ಟರಲ್ಲಿ ಬಸ್ ಬಿಟ್ಟುಕೊಂಡು ಹೋದದ್ದನ್ನು ವಿವರಿಸಿದರು. ಎಲ್ಲರ ಹೆಸರು ಬಚ್ಚಿಟ್ಟಾಕೆ ತನ್ನ ಹೆಸರು ಬಚ್ಚಿಡಲಿಲ್ಲ. ಕೆಲಸ ಹೋಯಿತು. ಕಿಂಗ್ ಧೈರ್ಯ ಹೇಳಿ ನೆರವಾದರು. ಗಿಲ್ಮೋರ್ ತಮ್ಮ ಮನೆಯಲ್ಲೇ ಊಟ ಬಡಿಸತೊಡಗಿದರು. ಚಳವಳಿಯ ನಾಯಕರು ಅಲ್ಲಿಯೇ ಉಂಡು ಮಾತುಕತೆ ನಡೆಸುತ್ತಿದ್ದರು.

ಬಸ್ಸುಗಳಲ್ಲಿನ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪನ್ನು 1956ರ ನವೆಂಬರ್ 13ರಂದು ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ದಾವೆಯ ನಾಲ್ವರು ಫಿರ್ಯಾದಿಗಳೂ ಮಹಿಳೆಯರೇ. ಡಿಸೆಂಬರ್ 21ರಂದು ಜನ ಮತ್ತೆ ಬಸ್ ಹತ್ತಿದರು, ಬೇಕಾದ ಸೀಟಿನಲ್ಲಿ ಕೂತರು.

ಗಿಲ್ಮೋರ್ ತೀರಿಕೊಂಡದ್ದು 1990ರ ಮಾರ್ಚ್ 7ರಂದು. ಸೆಲ್ಮಾದಿಂದ ಮಾಂಟ್‌ಗೊಮೆರಿಗೆ ನಡೆದ ಪಾದಯಾತ್ರೆಯ 25ನೇ ವರ್ಷದ ನೆನಪಿಗೆ ಸೇರುವವರಿಗಾಗಿ ಅಂದೂ ಅಡುಗೆ ಮಾಡುತ್ತಿದ್ದರು. ಕೊನೆಗೆ ಆ ಊಟವನ್ನು ಬಡಿಸಿದ್ದು ಅವರನ್ನು ಕಳೆದುಕೊಂಡು ದುಃಖಿಸಲು ಬಂದವರಿಗೆ. ಅವರ ಸಂಘದಲ್ಲಿ ದುಡಿದ ಬಹಳಷ್ಟು ಹೆಂಗಸರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಬಸ್ಸಿನ ಸೀಟಿನಲ್ಲಿ ಮಾತ್ರ ಅವರ ಪಾಲಿದೆ.